ವಾಯಿದೆ ತಪ್ಪಿದರೆ ನಗದು ಭದ್ರತೆಯ ಗತಿ ಏನು?

ಲಘು ಸ್ವರೂಪದ ಅಪರಾಧ ಪ್ರಕರಣಗಳಲ್ಲಿ ಆರೋಪಿಯನ್ನು ಬಿಡುಗಡೆ ಮಾಡುವಾಗ ನ್ಯಾಯಾಲಯವು ಕಟ್ಟಿಸಿಕೊಳ್ಳುವ ನಗದು ಭದ್ರತೆಯು ದಂಡವಲ್ಲ, ನ್ಯಾಯಾಲಯದ ಶುಲ್ಕವೂ ಅಲ್ಲ. ಕರೆದ ದಿನ, ಕರೆದ ಸ್ಥಳಕ್ಕೆ ಹಾಜರಾಗುವುದಾಗಿ ಆರೋಪಿ ಬರೆದುಕೊಟ್ಟ ಮಾತಿಗೆ ಒತ್ತೆಯಾಗಿ ಇಟ್ಟ ಹಣ ಅದು. ಮಾತು ನಡೆದರೆ ಪ್ರಕರಣ ಮುಗಿದ ಮೇಲೆ ಆ ಹಣ ಮರಳಿ ಬರುತ್ತದೆ, ನಡೆಯದಿದ್ದರೆ ಸರ್ಕಾರದ ಪಾಲಾಗುವ ಸಂದರ್ಭ ಒದಗುತ್ತದೆ, ಮತ್ತು ಹೀಗೆ ಸರ್ಕಾರದ ಪಾಲಾಗುವುದನ್ನೇ ಕಾನೂನಿನಲ್ಲಿ ಮುಟ್ಟುಗೋಲು ಎಂದು ಕರೆಯಲಾಗುತ್ತದೆ. ಬೀದಿ ಜಗಳದಲ್ಲಿ ಕೈಮಾಡಿದ ಪ್ರಕರಣ, ಅಜಾಗರೂಕ ಚಾಲನೆ, ಕುಡಿದು ವಾಹನ ಓಡಿಸಿದ ಪ್ರಕರಣ, ಚೆಕ್ ಅಮಾನ್ಯಗೊಂಡ ಪ್ರಕರಣ ಮೊದಲಾದವುಗಳಲ್ಲಿ ಶಿಕ್ಷೆಯ ಪ್ರಮಾಣ ಕಡಿಮೆ ಇದ್ದರೂ ವಾಯಿದೆಗಳು, ಅಂದರೆ ವಿಚಾರಣೆಗೆ ಗೊತ್ತುಪಡಿಸಿದ ದಿನಗಳು, ವರ್ಷಗಟ್ಟಲೆ ಮುಂದುವರಿಯುವುದರಿಂದ ಯಾವುದೋ ಒಂದು ವಾಯಿದೆ ತಪ್ಪಿಹೋಗುವುದು ಅಪರೂಪವೇನಲ್ಲ.

ವಾಯಿದೆ ತಪ್ಪಿಸಿಕೊಂಡವರಲ್ಲಿ ಎರಡು ತಪ್ಪು ತಿಳಿವಳಿಕೆಗಳು ಬೇರೂರಿವೆ. ಗೈರಾದ ಕ್ಷಣಕ್ಕೇ ಹಣ ಹೋಯಿತು, ಇನ್ನು ಮಾಡುವುದೇನೂ ಇಲ್ಲ ಎಂಬುದು ಮೊದಲನೆಯದು; ಹೇಗೂ ಹಣ ಹೋಯಿತಲ್ಲ, ಅಲ್ಲಿಗೆ ಕೇಸೂ ಮುಗಿಯಿತು ಎಂಬುದು ಎರಡನೆಯದು. ಮೊದಲನೆಯದರಿಂದ ಕೆಲವು ಸಾವಿರ ರೂಪಾಯಿ ನಷ್ಟವಾಗಬಹುದು, ಎರಡನೆಯದರಿಂದ ಬಂಧನವೇ ಆಗಬಹುದು.

ಹಣ ಯಾವ ಕಾನೂನಿನಡಿ ನಿಂತಿದೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನಕ್ಕೆ ಬಂದಿದೆಯಾದರೂ, ಆ ದಿನಾಂಕಕ್ಕೆ ಮೊದಲೇ ವಿಚಾರಣೆಯಲ್ಲಿದ್ದ ಪ್ರಕರಣಗಳು ಹಳೆಯ ಸಂಹಿತೆಯಡಿಯೇ ಮುಂದುವರಿಯುವುದರಿಂದ, ಅರ್ಜಿ ಬರೆಸುವ ಮೊದಲು ಪ್ರಕರಣ ಯಾವ ಸಂಹಿತೆಗೆ ಸೇರುತ್ತದೆ ಎಂಬುದನ್ನು ನೋಡಿಕೊಳ್ಳುವುದು ಅಗತ್ಯ. ಈ ವಿಷಯದಲ್ಲಿ ಎರಡರ ಸಾರವೂ ಹೆಚ್ಚುಕಡಿಮೆ ಒಂದೇ. ಕಲಂ ಸಂಖ್ಯೆಗಳಷ್ಟೇ ಮುಖ್ಯವಾಗಿ ಬದಲಾಗಿವೆ. ಮುಟ್ಟುಗೋಲಿನ ವಿಧಾನವನ್ನು ಹೇಳುವ ಹಳೆಯ 446ನೇ ಕಲಂ ಈಗ 491, ಮುಚ್ಚಳಿಕೆಯ ಬದಲು ನಗದು ಇಡಲು ಅನುವು ಮಾಡಿಕೊಡುವ ಹಳೆಯ 445 ಈಗ 490.

ಬಿಡುಗಡೆಯ ಪತ್ರಗಳಲ್ಲಿ ಎರಡು ಬಗೆಗಳಿವೆ. ಜಾಮೀನುದಾರರಿಲ್ಲದೆ ಆರೋಪಿಯೊಬ್ಬನೇ ಬರೆದುಕೊಡುವುದು ಸ್ವಂತ ಮುಚ್ಚಳಿಕೆ. ಆರೋಪಿಯ ಹಾಜರಾತಿಗೆ ತಾವು ಹೊಣೆಯೆಂದು ಮತ್ತೊಬ್ಬರು ಸಹಿ ಹಾಕಿ, ಪಹಣಿ, ಮನೆ ಕಂದಾಯದ ರಸೀದಿ ಅಥವಾ ವೇತನ ಪತ್ರದಂಥ ದಾಖಲೆ ಒದಗಿಸುವುದು ಜಾಮೀನು ಮುಚ್ಚಳಿಕೆ. ಜಾಮೀನು ನಿಲ್ಲುವವರು ಸಿಗದಿದ್ದಾಗ, ನ್ಯಾಯಾಲಯವು ನಿಗದಿಪಡಿಸಿದಷ್ಟು ಹಣವನ್ನು ಠೇವಣಿ ಇಡಲು 490ನೇ ಕಲಂ ಅವಕಾಶ ಕೊಡುತ್ತದೆ. ಊರು ಬಿಟ್ಟು ಊರಿಗೆ ಬಂದು ದುಡಿಯುವವರಿಗೆ ಸ್ಥಳೀಯ ಜಾಮೀನುದಾರರನ್ನು ಹೊಂದಿಸುವುದು ಎಷ್ಟು ಕಷ್ಟವೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 1978ರಲ್ಲೇ ಮೋತಿರಾಮ್ ಪ್ರಕರಣದಲ್ಲಿ ಗುರುತಿಸಿತ್ತು. ಗಾರೆ ಕೆಲಸದ ಬಡವನೊಬ್ಬನಿಂದ 10,000 ರೂಪಾಯಿಯ ಜಾಮೀನು ಕೇಳಿ, ಅವನ ಸಹೋದರ ಬೇರೆ ಜಿಲ್ಲೆಯವನೆಂಬ ಕಾರಣಕ್ಕೆ ಆ ಜಾಮೀನನ್ನು ತಳ್ಳಿಹಾಕಿದ್ದನ್ನು ಅದು ಕಟುವಾಗಿ ಟೀಕಿಸಿತು.

ಬಹುತೇಕರ ಗಮನಕ್ಕೆ ಬಾರದ ಅಂಶವೊಂದು ಇಲ್ಲಿದೆ. ಕರ್ನಾಟಕದ ದಂಡಾಧಿಕಾರಿ ನ್ಯಾಯಾಲಯಗಳ ಆದೇಶಗಳಲ್ಲಿ ಸ್ವಂತ ಮುಚ್ಚಳಿಕೆ ಮತ್ತು ನಗದು ಭದ್ರತೆ ಎರಡೂ ಒಟ್ಟಿಗೆ ಬರುವುದುಂಟು. ಉದಾಹರಣೆಗೆ, 25,000 ರೂಪಾಯಿಯ ಸ್ವಂತ ಮುಚ್ಚಳಿಕೆ ಬರೆದು, ಜಾಮೀನುದಾರರ ಬದಲಿಗೆ 5,000 ರೂಪಾಯಿ ನಗದು ಕಟ್ಟಬೇಕೆಂದು ಆದೇಶವಾಗಿದ್ದರೆ, ಕೈಬಿಟ್ಟ ಹಣ 5,000 ಮಾತ್ರವೆಂದು ಕಂಡರೂ ಹೊಣೆಯಾದ ಮೊತ್ತ ಅದಕ್ಕಿಂತ ದೊಡ್ಡದು, ಏಕೆಂದರೆ ಮುಚ್ಚಳಿಕೆಯಲ್ಲಿ ಬರೆದ 25,000 ರೂಪಾಯಿಯನ್ನೂ ದಂಡವಾಗಿ ಕೇಳಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಆದ್ದರಿಂದ ಐದು ಸಾವಿರ ಹೋದರೆ ಹೋಗಲಿ ಎಂದು ಸುಮ್ಮನಿರುವವರು ಮೊದಲು ತಮ್ಮ ಮುಚ್ಚಳಿಕೆಯ ಪ್ರತಿಯನ್ನು ತೆಗೆದು ಓದಿಕೊಳ್ಳುವುದು ಲೇಸು.

ಹಣ ಹೋದರೂ ಕೇಸು ಉಳಿಯುತ್ತದೆ

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸಂಚಾರ ನಿಯಮ ಉಲ್ಲಂಘನೆಗೆ ಚೀಟಿ ಪಡೆದವರು ಅದರಲ್ಲಿ ಸೂಚಿಸಿದ ಜಾಮೀನು ಮೊತ್ತವನ್ನು ಕಟ್ಟಿ, ನ್ಯಾಯಾಲಯಕ್ಕೆ ಹೋಗದೆ ಅದನ್ನು ಬಿಟ್ಟುಕೊಟ್ಟರೆ ಸಾಮಾನ್ಯ ಉಲ್ಲಂಘನೆಗಳಲ್ಲಿ ಪ್ರಕರಣ ಅಲ್ಲಿಗೆ ಮುಗಿಯುತ್ತದೆ. ಆದರೆ ಅಲ್ಲಿನ ವಾಹನ ಸಂಹಿತೆಯ ದೃಷ್ಟಿಯಲ್ಲಿ ಹೀಗೆ ಜಾಮೀನು ಬಿಟ್ಟುಕೊಡುವುದೂ ಅಪರಾಧ ಸಾಬೀತಾದುದಕ್ಕೆ ಸಮ ಎಂಬುದನ್ನು ಅಲ್ಲಿ ನೆಲೆಸಿದ ಕನ್ನಡಿಗರು ತಿಳಿದಿರಬೇಕು. ಭಾರತದಲ್ಲಿ ಇಂತಹ ವ್ಯವಸ್ಥೆ ಇಲ್ಲ. ಇಲ್ಲಿ ಹಣ ಕಟ್ಟಿ ಪ್ರಕರಣ ಮುಗಿಸುವ ದಾರಿಗಳು ಬೇರೆ ಇವೆ: 5,000 ರೂಪಾಯಿ ಮೀರದ ದಂಡವಷ್ಟೇ ಶಿಕ್ಷೆಯಾಗಿರುವ ಕ್ಷುಲ್ಲಕ ಅಪರಾಧಗಳಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 229ನೇ ಕಲಮಿನ ವಿಶೇಷ ಸಮನ್ಸಿಗೆ ಅಂಚೆಯ ಮೂಲಕವೇ ತಪ್ಪೊಪ್ಪಿಗೆ ಕಳುಹಿಸಿ ದಂಡ ಕಟ್ಟಬಹುದು, ಮೋಟಾರು ವಾಹನ ಕಾಯ್ದೆಯ ಅಪರಾಧಗಳು ಈ ಕಲಮಿನ ವ್ಯಾಪ್ತಿಗೆ ಬಾರವಾದರೂ ಆ ಕಾಯ್ದೆಯಲ್ಲೇ 208ನೇ ಕಲಮಿನಡಿ ಇದೇ ಬಗೆಯ ಅನುಕೂಲವಿದೆ. ಅಲ್ಲೆಲ್ಲ ಪ್ರಕರಣ ಮುಗಿಯುವುದು ತಪ್ಪೊಪ್ಪಿಗೆಯಿಂದ, ಠೇವಣಿ ಮುಟ್ಟುಗೋಲಾದುದರಿಂದಲ್ಲ.

ಈ ಅಂಶವನ್ನು ಕಾನೂನು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಿದೆ. ಜಾಮೀನಿನ ಮೇಲೆ ಬಿಡುಗಡೆಯಾದವರು ಸಾಕಷ್ಟು ಕಾರಣವಿಲ್ಲದೆ ನ್ಯಾಯಾಲಯಕ್ಕೆ ಬಾರದಿರುವುದೇ ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಮಿನಡಿ ಪ್ರತ್ಯೇಕ ಅಪರಾಧವಾಗಿದ್ದು, ಅದಕ್ಕೆ ಒಂದು ವರ್ಷದವರೆಗಿನ ಸೆರೆವಾಸ, ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಕಾರಣವಿತ್ತೆಂದು ತೋರಿಸುವ ಹೊಣೆ ಆರೋಪಿಯದೇ, ಮತ್ತು ಈ ಶಿಕ್ಷೆ ಮೂಲ ಅಪರಾಧದ ಶಿಕ್ಷೆಗೂ ಮುಚ್ಚಳಿಕೆಯ ಮುಟ್ಟುಗೋಲಿಗೂ ಹೆಚ್ಚುವರಿಯಾದುದೆಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಅಜಾಗರೂಕ ಚಾಲನೆಗೆ ಅದೇ ಸಂಹಿತೆಯ 281ನೇ ಕಲಮಿನಡಿ ಇರುವ ಗರಿಷ್ಠ ಶಿಕ್ಷೆ ಆರು ತಿಂಗಳ ಸೆರೆ ಅಥವಾ 1,000 ರೂಪಾಯಿ ದಂಡ ಇಲ್ಲವೇ ಎರಡೂ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಮೂಲ ಅಪರಾಧಕ್ಕಿಂತ ಗೈರುಹಾಜರಿಯೇ ಭಾರವಾಗಬಲ್ಲದು ಎಂಬ ವಿಚಿತ್ರ ಸ್ಥಿತಿ ಕಾಣುತ್ತದೆ.

ಗೈರಾದ ದಿನ ಕಡತದಲ್ಲಿ ಏನಾಗುತ್ತದೆ

ಪ್ರಕರಣದ ಸರದಿ ಬಂದಾಗ ಸಿಬ್ಬಂದಿ ಬಾಗಿಲಲ್ಲಿ ನಿಂತು ಆರೋಪಿಯ ಹೆಸರು ಕೂಗುತ್ತಾರೆ. ಆರೋಪಿಯಾಗಲಿ ವಕೀಲರಾಗಲಿ ಉತ್ತರಿಸದಿದ್ದರೆ ಕಡತವನ್ನು ಪಕ್ಕಕ್ಕಿಟ್ಟು ಮಧ್ಯಾಹ್ನ ಮತ್ತೆ ಕೂಗಿಸುವ ರೂಢಿಯೂ ಹಲವು ನ್ಯಾಯಾಲಯಗಳಲ್ಲಿದೆ. ಆಗಲೂ ಬಾರದಿದ್ದರೆ ಆರ್ಡರ್ ಶೀಟ್ ಎಂದು ಕರೆಯಲಾಗುವ ದೈನಂದಿನ ಆದೇಶ ಹಾಳೆಯಲ್ಲಿ ಒಂದೆರಡು ಸಾಲು ಬೀಳುತ್ತದೆ: ಆರೋಪಿ ಗೈರು, ಇ.ಪಿ. ಇಲ್ಲ, ಎನ್‌ಬಿಡಬ್ಲ್ಯೂ ಹೊರಡಿಸಿ, ಜಾಮೀನುದಾರರಿಗೆ ನೋಟಿಸ್. ಇಲ್ಲಿ ಇ.ಪಿ. ಎಂದರೆ ಆ ದಿನದ ಹಾಜರಾತಿಯಿಂದ ವಿನಾಯಿತಿ ಕೋರುವ ಅರ್ಜಿ. ಎನ್‌ಬಿಡಬ್ಲ್ಯೂ ಎಂದರೆ ಜಾಮೀನುರಹಿತ ವಾರಂಟ್, ಅಂದರೆ ಪೊಲೀಸರು ಹಿಡಿದು ತಾವೇ ಬಿಟ್ಟುಕಳುಹಿಸಲಾಗದ, ನ್ಯಾಯಾಧೀಶರ ಮುಂದೆಯೇ ನಿಲ್ಲಿಸಬೇಕಾದ ಬಂಧನಾಜ್ಞೆ. ಕೈಬರಹದ ಇಷ್ಟೇ ಅಕ್ಷರಗಳಿಂದ ಮೂರು ಬೇರೆ ಬೇರೆ ಪ್ರಕ್ರಿಯೆಗಳು ಚಾಲನೆ ಪಡೆಯುತ್ತವೆ: ಬಂಧನದ್ದು ಒಂದು, ಹಣದ್ದು ಇನ್ನೊಂದು, ಮೂಲ ಪ್ರಕರಣದ್ದು ಮತ್ತೊಂದು.

ಮೊದಲ ಗೈರಿಗೇ ಜಾಮೀನುರಹಿತ ವಾರಂಟ್ ಸರಿಯೇ ಎಂಬ ಪ್ರಶ್ನೆ ಸಹಜ. 2007ರ ಇಂದರ್ ಮೋಹನ್ ಗೋಸ್ವಾಮಿ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮೊದಲು ಸಮನ್ಸ್, ಅದಕ್ಕೆ ಜಗ್ಗದಿದ್ದರೆ ಜಾಮೀನುಸಹಿತ ವಾರಂಟ್, ಅದೂ ಫಲಿಸದಿದ್ದಾಗ ಜಾಮೀನುರಹಿತ ವಾರಂಟ್ ಎಂಬ ಮೆಟ್ಟಿಲುಗಳನ್ನು ಸೂಚಿಸಿದೆ. ಮುಚ್ಚಳಿಕೆ ಬರೆದುಕೊಟ್ಟು ಬಾರದವರನ್ನು ಬಂಧಿಸಲು ವಾರಂಟ್ ಹೊರಡಿಸುವ ಅಧಿಕಾರವನ್ನು ಸಂಹಿತೆ ಬೇರೆಯಾಗಿಯೇ ಕೊಟ್ಟಿರುವುದರಿಂದ ಈ ವಾದಕ್ಕೆ ಪ್ರತಿ ಬಾರಿಯೂ ಜಯ ಸಿಗದು, ಆದರೂ ಸಣ್ಣ ಪ್ರಕರಣಗಳಲ್ಲಿ ಅದನ್ನು ಅರ್ಜಿಯಲ್ಲಿ ಎತ್ತಿಹಿಡಿಯುವುದು ತಪ್ಪಲ್ಲ.

ಮೊದಲ ಕೆಲಸ: ಕಡತದ ಸ್ಥಿತಿ ತಿಳಿಯುವುದು

ವಾಯಿದೆ ತಪ್ಪಿದ್ದು ಗೊತ್ತಾದ ಕೂಡಲೇ ಮಾಡಬೇಕಾದುದು ಪೊಲೀಸ್ ಠಾಣೆಗೆ ಹೋಗುವುದಲ್ಲ, ಕಡತ ಯಾವ ಹಂತದಲ್ಲಿದೆ ಎಂದು ನೋಡುವುದು. ಪ್ರತಿ ಪ್ರಕರಣಕ್ಕೂ ಸಿಎನ್‌ಆರ್ ಎಂಬ ಹದಿನಾರು ಅಕ್ಷರ ಮತ್ತು ಅಂಕಿಗಳ ಸಂಕೇತವಿದ್ದು, ಅದನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಅದೇ ಹೆಸರಿನ ಮೊಬೈಲ್ ಆ್ಯಪ್‌ನಲ್ಲಿ ನಮೂದಿಸಿದರೆ ಹಿಂದಿನ ವಾಯಿದೆಗಳ ನಡವಳಿ ಮತ್ತು ಮುಂದಿನ ದಿನಾಂಕ ತಿಳಿಯುತ್ತದೆ. ಸಂಕೇತ ಗೊತ್ತಿಲ್ಲದಿದ್ದರೆ ಆರೋಪಿಯ ಹೆಸರು, ಪ್ರಕರಣ ಸಂಖ್ಯೆ ಅಥವಾ ಎಫ್‌ಐಆರ್ ಸಂಖ್ಯೆಯಿಂದಲೂ ಹುಡುಕಬಹುದು. ಜಾಲತಾಣದ ನಡವಳಿ ಸಂಕ್ಷಿಪ್ತವಾಗಿರುವುದರಿಂದ ಅದನ್ನಷ್ಟೇ ನಂಬಿ ಕೂರದೆ, ಆದೇಶ ಹಾಳೆಯ ದೃಢೀಕೃತ ಪ್ರತಿಗೆ ನಕಲು ಶಾಖೆಯಲ್ಲಿ ಅರ್ಜಿ ಹಾಕುವುದು ಒಳಿತು. ಮುಂದೆ ಮೇಲ್ಮನವಿ ಹೂಡುವ ಪ್ರಸಂಗ ಬಂದರೂ ಆ ಪ್ರತಿ ಬೇಕಾಗುತ್ತದೆ.

ಪ್ರತಿ ಕೈಗೆ ಬಂದಾಗ ಅದರಲ್ಲಿ ವಾರಂಟ್ ಹೊರಟಿದೆಯೇ, ಹೊರಟಿದ್ದರೆ ಯಾವ ಬಗೆಯದು, ಮುಚ್ಚಳಿಕೆ ಉಲ್ಲಂಘನೆಯಾಗಿದೆ ಎಂದು ನ್ಯಾಯಾಲಯ ದಾಖಲಿಸಿದೆಯೇ, ವಿವರಣೆ ಕೇಳುವ ನೋಟಿಸ್ ಹೊರಟಿದೆಯೇ, ವಸೂಲಾತಿಯ ಆದೇಶವಾಗಿದೆಯೇ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಪ್ರಕರಣ ಬೇರೆ ನ್ಯಾಯಾಲಯಕ್ಕೆ ವರ್ಗವಾಗಿದ್ದರೆ ಅದನ್ನೂ ನೋಡಬೇಕು, ಏಕೆಂದರೆ ಮುಚ್ಚಳಿಕೆಯ ಷರತ್ತು ವರ್ಗವಾದ ನ್ಯಾಯಾಲಯದ ಹಾಜರಾತಿಗೂ ಅನ್ವಯಿಸುತ್ತದೆಂದು 491ನೇ ಕಲಮಿನ ವಿವರಣೆಯೇ ಹೇಳುವುದರಿಂದ, ಹಳೆಯ ನ್ಯಾಯಾಲಯದ ಬಾಗಿಲಲ್ಲಿ ಕಾದಿದ್ದೆವು ಎಂಬುದು ತಾನಾಗಿಯೇ ರಕ್ಷಣೆ ಕೊಡದು. ಆದರೆ ವರ್ಗಾವಣೆಯ ಸುದ್ದಿ ಆರೋಪಿಗೆ ತಲುಪಿರಲೇ ಇಲ್ಲ ಎಂಬುದನ್ನು ಸಾಕಷ್ಟು ಕಾರಣವಾಗಿ ಮುಂದಿಡಬಹುದು.

ವಾರಂಟ್ ಹಿಂಪಡೆಯುವಿಕೆ

ಹಣದ ಮಾತಿಗಿಂತ ಮೊದಲು ವಾರಂಟಿನ ಮಾತು ಮುಗಿಯಬೇಕು. ಒಮ್ಮೆ ಹೊರಟ ವಾರಂಟ್‌ಗೆ ಅವಧಿ ಮೀರುವುದೆಂಬುದಿಲ್ಲ. ಅದು ಜಾರಿಯಾಗುವವರೆಗೆ ಅಥವಾ ಹೊರಡಿಸಿದ ನ್ಯಾಯಾಲಯವೇ ರದ್ದುಪಡಿಸುವವರೆಗೆ ಜೀವಂತವಾಗಿರುತ್ತದೆ ಎಂದು ಹೊಸ ಸಂಹಿತೆಯ 72ನೇ ಕಲಂ, ಹಳೆಯದರ 70ನೇ ಕಲಂ ಹೇಳುತ್ತವೆ. ಆರೋಪಿ ಸಿಗದೆ ನೆನೆಗುದಿಗೆ ಬಿದ್ದ ಪ್ರಕರಣಗಳು ದೀರ್ಘಕಾಲದ ಬಾಕಿ ಎಂಬ ಪಟ್ಟಿಗೆ ಸೇರಿ, ಠಾಣೆಗಳಲ್ಲಿ ಎಲ್‌ಪಿಸಿ ಎಂಬ ಹೆಸರಿನಿಂದ ವರ್ಷಾನುಗಟ್ಟಲೆ ಉಳಿಯುತ್ತವೆ. ಚುನಾವಣೆ ಹತ್ತಿರವಾದಾಗ ಬಾಕಿ ವಾರಂಟ್‌ಗಳನ್ನು ಜಾರಿ ಮಾಡುವಂತೆ ಚುನಾವಣಾ ಆಯೋಗ ಸೂಚಿಸುವುದು ವಾಡಿಕೆಯಾದ್ದರಿಂದ, ಎಲ್ಲರೂ ಮರೆತಿದ್ದ ಹಳೆಯ ವಾರಂಟ್ ಹಠಾತ್ತನೆ ಮನೆ ಬಾಗಿಲಿಗೆ ಬರುವುದು ಅಂತಹ ದಿನಗಳಲ್ಲೇ ಹೆಚ್ಚು. ಪಾಸ್‌ಪೋರ್ಟ್ ಬೇಕಾದವರಿಗೂ ಇದು ತೊಡಕಾಗುತ್ತದೆ. ನ್ಯಾಯಾಲಯದ ವಾರಂಟ್ ಹೊರಟಿರುವುದು ಪಾಸ್‌ಪೋರ್ಟ್ ನಿರಾಕರಣೆಗೆ 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಮಿನಲ್ಲಿ ಹೇಳಿರುವ ಕಾರಣಗಳಲ್ಲಿ ಒಂದು.

ವಿಧಾನ ಸರಳವೇ ಆಗಿದೆ. ಆರೋಪಿ ವಕೀಲರೊಂದಿಗೆ ತಾನಾಗಿಯೇ ನ್ಯಾಯಾಲಯಕ್ಕೆ ಹೋಗಿ, ಗೈರಿನ ಕಾರಣ ವಿವರಿಸುವ ಪ್ರಮಾಣಪತ್ರದೊಂದಿಗೆ ವಾರಂಟ್ ರೀಕಾಲ್ ಅರ್ಜಿಯನ್ನು, ಅಂದರೆ ವಾರಂಟ್ ಹಿಂಪಡೆಯಲು ಕೋರುವ ಮನವಿಯನ್ನು, ಸಲ್ಲಿಸಬೇಕು. ಮುಂದಿನ ವಾಯಿದೆ ದೂರವಿದ್ದರೆ, ಪ್ರಕರಣವನ್ನು ಅಂದೇ ಕೈಗೆತ್ತಿಕೊಳ್ಳುವಂತೆ ಕೋರುವ ಅಡ್ವಾನ್ಸ್‌ಮೆಂಟ್ ಅರ್ಜಿಯನ್ನೂ ಜತೆಗಿಡಬೇಕು. ಕೆಲಸದ ದಿನ ಬೆಳಗಿನ ಕಲಾಪದಲ್ಲೇ ಹಾಜರಾಗುವುದು ಜಾಣತನ. ಆದೇಶವಾದ ಮೇಲೆ ಹೊಸ ಮುಚ್ಚಳಿಕೆ ಬರೆಯುವುದು, ಹಣ ಕಟ್ಟುವುದು ಮೊದಲಾದ ಕಚೇರಿ ಕೆಲಸಗಳು ಸಂಜೆಯೊಳಗೆ ಮುಗಿಯದಿದ್ದರೆ ಪೇಚಿಗೆ ಸಿಕ್ಕಿಕೊಳ್ಳುವವರು ಆರೋಪಿಗಳೇ. ವಾರಂಟ್ ರದ್ದಾದ ಆದೇಶ ಠಾಣೆಗೆ ತಲುಪಲು ಸಮಯ ಹಿಡಿಯುವುದುಂಟಾದ್ದರಿಂದ ಅದರ ಪ್ರತಿಯೊಂದನ್ನು ಕೆಲವು ದಿನ ಜತೆಯಲ್ಲೇ ಇಟ್ಟುಕೊಂಡಿರುವುದು ಕ್ಷೇಮ.

ಪೊಲೀಸರು ಹಿಡಿದು ತರುವ ಮೊದಲೇ ತಾನಾಗಿ ಬಂದವರನ್ನು ನ್ಯಾಯಾಲಯಗಳು ಬೇರೆಯೇ ಕಣ್ಣಿನಿಂದ ನೋಡುತ್ತವೆ. ಲಘು ಪ್ರಕರಣದಲ್ಲಿ ಮೊದಲ ಬಾರಿ ತಪ್ಪಿದವರಿಗೆ ಸಣ್ಣ ಮೊತ್ತದ ವೆಚ್ಚ ವಿಧಿಸಿ ವಾರಂಟ್ ಹಿಂಪಡೆಯುವುದು, ಕೆಲವೊಮ್ಮೆ ಹಳೆಯ ಮುಚ್ಚಳಿಕೆಯನ್ನೇ ಮುಂದುವರಿಸುವುದು ನಡೆದುಬಂದಿದೆ. ಆದರೆ ಮುಚ್ಚಳಿಕೆ ಮುಟ್ಟುಗೋಲಾದವರ ವಿಷಯದಲ್ಲಿ 492ನೇ ಕಲಂ ಬಿಗಿಯಾಗಿದ್ದು, ಆ ಮುಚ್ಚಳಿಕೆ ರದ್ದಾಗುವುದಲ್ಲದೆ, ಸಾಕಷ್ಟು ಕಾರಣವಿರಲಿಲ್ಲವೆಂದು ಕಂಡುಬಂದರೆ ಆರೋಪಿಯನ್ನು ಇನ್ನು ಬರೀ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವಂತಿಲ್ಲ, ಜಾಮೀನುದಾರರನ್ನು ಕೊಡಲೇಬೇಕಾಗುತ್ತದೆ. ಜಾಮೀನು ಪಡೆಯುವುದು ಹಕ್ಕೇ ಆಗಿರುವ ಜಾಮೀನೀಯ ಅಪರಾಧಗಳಲ್ಲಿ ಕೂಡ, ಹಿಂದೆ ಷರತ್ತು ಮುರಿದವರಿಗೆ ಮುಂದಿನ ಬಾರಿ ಜಾಮೀನು ನಿರಾಕರಿಸಲು 478ನೇ ಕಲಂ ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ.

ನೋಟಿಸಿಗೆ ಉತ್ತರ: ಹಣ ಉಳಿಸಿಕೊಳ್ಳುವ ನಿಜವಾದ ಅವಕಾಶ

491ನೇ ಕಲಮಿನ ನಡೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಹಂತಗಳು ಕಾಣುತ್ತವೆ. ಷರತ್ತು ಮುರಿದಿದೆಯೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಿ, ಅದಕ್ಕೆ ಆಧಾರವೇನೆಂಬುದನ್ನು ಬರಹದಲ್ಲಿ ದಾಖಲಿಸಬೇಕು. ಆಮೇಲೆ ಮುಚ್ಚಳಿಕೆಗೆ ಬದ್ಧರಾದವರನ್ನು ದಂಡದ ಮೊತ್ತ ಕಟ್ಟುವಂತೆ ಅಥವಾ ಏಕೆ ಕಟ್ಟಬಾರದೆಂದು ಕಾರಣ ತೋರಿಸುವಂತೆ ಕರೆಯಬೇಕು. ಕಾರಣ ತೃಪ್ತಿಕರವಲ್ಲದೆ, ಹಣವೂ ಬಾರದಿದ್ದರೆ ಮಾತ್ರ ವಸೂಲಾತಿಗೆ ಇಳಿಯಬೇಕು. ಯಾರನ್ನಾದರೂ ಹೀಗೆ ದಂಡಕ್ಕೆ ಗುರಿಪಡಿಸುವ ಮೊದಲು ಕಾನೂನಿನ ಕ್ರಮಗಳನ್ನು ಪಾಲಿಸಿ ಕಾರಣ ಹೇಳಲು ಅವಕಾಶ ಕೊಡಲೇಬೇಕೆಂದು 1960ರ ಗುಲಾಂ ಮೆಹ್ದಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಜಾಮೀನುದಾರರೊಬ್ಬರ ಸಂಬಂಧ ಹೇಳಿತು. ನಗದು ಠೇವಣಿಯಲ್ಲಿ ಹಣ ಮೊದಲೇ ನ್ಯಾಯಾಲಯದ ವಶದಲ್ಲಿರುವುದರಿಂದ ಈ ಹಂತಗಳು ಒಂದರೊಳಗೊಂದು ಬೆರೆತು, ನೋಟಿಸೇ ಇಲ್ಲದೆ ಒಂದೇ ಸಾಲಿನಲ್ಲಿ ಠೇವಣಿ ಮುಟ್ಟುಗೋಲು ಎಂದು ಬರೆದುಬಿಡುವ ಸಂಭವವಿದೆ. ಠೇವಣಿ ನಿಂತಿರುವುದು ಮುಚ್ಚಳಿಕೆಯ ಜಾಗದಲ್ಲೇ ಆದ್ದರಿಂದ ಅದಕ್ಕೂ ಕಾರಣ ಕೇಳುವ ಅವಕಾಶ ಬೇಕೆಂದು ವಾದಿಸಲು ಬಲವಾದ ನೆಲೆಯಿದೆ.

ಉತ್ತರವನ್ನು ಬರೆಯುವಾಗ ಗಮನ ಇರಬೇಕಾದುದು ಅನುಕಂಪದ ಮಾತಿನ ಮೇಲಲ್ಲ, ದಿನಾಂಕದ ಮೇಲೆ. ಗೈರಾದ ದಿನ ಆಸ್ಪತ್ರೆಯಲ್ಲಿದ್ದರೆ ಒಳರೋಗಿಯಾಗಿ ಸೇರಿದ ಮತ್ತು ಬಿಡುಗಡೆಯಾದ ದಿನಾಂಕಗಳಿರುವ ಸಾರಾಂಶ ಪತ್ರ, ಮನೆಯಲ್ಲಿ ಸಾವು ಸಂಭವಿಸಿದ್ದರೆ ಮರಣ ಪ್ರಮಾಣಪತ್ರ, ಬಸ್ಸು ರೈಲು ಕೆಟ್ಟು ನಿಂತಿದ್ದರೆ ಟಿಕೆಟ್ಟು, ತಪ್ಪು ದಿನಾಂಕ ಬರೆದುಕೊಟ್ಟಿದ್ದರೆ ಆ ಚೀಟಿಯೇ ಬೇಕು. ತಿಂಗಳುಗಳ ನಂತರ ಬರೆಸಿದ, ಜ್ವರವಿತ್ತು ಎಂದಷ್ಟೇ ಹೇಳುವ ವೈದ್ಯರ ಚೀಟಿಯನ್ನು ನ್ಯಾಯಾಧೀಶರು ದಿನಕ್ಕೆ ಹತ್ತಾರು ನೋಡಿರುತ್ತಾರೆ, ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಆರೋಪಿ ಆ ದಿನ ಬೇರೆ ಪ್ರಕರಣದಲ್ಲಿ ಜೈಲಿನಲ್ಲಿದ್ದರೆ ಅದಕ್ಕಿಂತ ಗಟ್ಟಿಯಾದ ಕಾರಣ ಮತ್ತೊಂದಿಲ್ಲ; ಆದರೆ ಅದನ್ನು ನ್ಯಾಯಾಲಯದ ಗಮನಕ್ಕೆ ತಂದು, ಜೈಲಿನಿಂದ ಕರೆತರುವ ಬಾಡಿ ವಾರಂಟ್ ಕೋರದಿದ್ದರೆ ಕಡತದಲ್ಲಿ ಉಳಿಯುವುದು ಗೈರು ಎಂಬ ಒಂದೇ ಪದ.

ಕಾರಣ ಪೂರ್ತಿ ಒಪ್ಪಿಗೆಯಾಗದಿದ್ದರೂ ಬಾಗಿಲು ಮುಚ್ಚುವುದಿಲ್ಲ. ಕಾರಣಗಳನ್ನು ದಾಖಲಿಸಿ ದಂಡದ ಒಂದು ಭಾಗವನ್ನು ಬಿಟ್ಟು ಉಳಿದಷ್ಟನ್ನೇ ವಸೂಲು ಮಾಡಲು ಅದೇ ಕಲಮಿನ ಮೂರನೇ ಉಪಕಲಂ ಅವಕಾಶ ಕೊಡುತ್ತದೆ. ಅಚ್ಚರಿಯೆಂದರೆ ಇದನ್ನು ಕೇಳುವವರೇ ಕಡಿಮೆ. ವಿವರಣೆ ಒಪ್ಪಿದರೆ ಪೂರ್ಣ ಮಾಫಿ, ಒಪ್ಪದಿದ್ದರೆ ಪೂರ್ಣ ನಷ್ಟ ಎಂಬ ಭಾವನೆಯಿಂದ ಎಷ್ಟೋ ಉತ್ತರಗಳು ನಡುದಾರಿಯ ಕೋರಿಕೆಯನ್ನೇ ಬಿಟ್ಟುಬಿಡುತ್ತವೆ. ಮೂಲ ಅಪರಾಧ ಲಘುವಾದುದು, ಆರೋಪಿ ತಾನಾಗಿ ಹಾಜರಾಗಿದ್ದಾನೆ, ವಿಚಾರಣೆಗೆ ಆದ ವಿಳಂಬ ಅಲ್ಪ, ದಿನಗೂಲಿಯ ಬದುಕಿಗೆ ಈ ಮೊತ್ತ ದೊಡ್ಡದು ಎಂಬ ನಾಲ್ಕು ಅಂಶಗಳನ್ನು ಮುಂದಿಟ್ಟು, ಪೂರ್ಣ ಮನ್ನಾ ಆಗದಿದ್ದರೆ ಭಾಗಶಃ ಮನ್ನಾವನ್ನಾದರೂ ಕೋರಲಾಗಿದೆ ಎಂಬ ಒಂದು ಸಾಲನ್ನು ಉತ್ತರದ ಕೊನೆಗೆ ಸೇರಿಸಲು ಖರ್ಚೇನೂ ಇಲ್ಲ.

ಜಾಮೀನು ನಿಂತವರ ಪಾಡು

ನಗದಿನ ಜತೆ ಅಥವಾ ನಗದಿನ ಬದಲು ಜಾಮೀನುದಾರರಿದ್ದರೆ ಅವರ ಮೇಲೆ ಬೇರೆಯೇ ಒಂದು ಕ್ರಿಮಿನಲ್ ಮಿಸಲೇನಿಯಸ್ ಕಡತ ತೆರೆಯುವ ಪದ್ಧತಿಯಿದೆ. ನೋಟಿಸಿಗೆ ಉತ್ತರಿಸದಿದ್ದರೆ ಎಫ್‌ಎಲ್‌ಡಬ್ಲ್ಯೂ, ಅಂದರೆ ದಂಡ ವಸೂಲಾತಿ ವಾರಂಟ್ ಹೊರಡುತ್ತದೆ; 461ನೇ ಕಲಮಿನಂತೆ ಚರಾಸ್ತಿಯನ್ನು ಜಪ್ತಿ ಮಾಡಿ ಮಾರಬಹುದು, ಇಲ್ಲವೇ ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿಯ ಮೂಲಕ ವಸೂಲು ಮಾಡಿಸಬಹುದು. ಅದರಿಂದಲೂ ಹಣ ಬಾರದಿದ್ದಾಗ ಆರು ತಿಂಗಳವರೆಗೆ ಸಿವಿಲ್ ಸೆರೆಮನೆಗೆ ಕಳುಹಿಸುವ ಅಧಿಕಾರವನ್ನು ನ್ಯಾಯಾಲಯ ಬಳಸಬಹುದಾದುದು ಜಾಮೀನುದಾರರ ಮೇಲೆ ಎಂಬುದನ್ನು ಗೆಳೆತನದ ದಾಕ್ಷಿಣ್ಯಕ್ಕೆ ಪಹಣಿ ಕೊಟ್ಟು ಸಹಿ ಹಾಕುವವರು ಬಹುಮಟ್ಟಿಗೆ ಅರಿತಿರುವುದಿಲ್ಲ. ಆರೋಪಿ ಕೈಗೆ ಸಿಗದಂತಾಗುತ್ತಿದ್ದಾನೆ ಎನಿಸಿದಾಗ ಜಾಮೀನುದಾರರು ಮನೆಯಲ್ಲಿ ಕುಳಿತು ಚಿಂತಿಸುವ ಬದಲು, 489ನೇ ಕಲಮಿನಡಿ ತಮ್ಮನ್ನು ಹೊಣೆಯಿಂದ ಬಿಡುಗಡೆ ಮಾಡುವಂತೆ ಅರ್ಜಿ ಹಾಕಬಹುದು. ಜಾಮೀನುದಾರರು ಮುಟ್ಟುಗೋಲಿಗೆ ಮೊದಲೇ ತೀರಿಕೊಂಡರೆ ಅವರ ಆಸ್ತಿಯ ಮೇಲೆ ಹೊಣೆ ಉಳಿಯುವುದಿಲ್ಲ.

ಆದೇಶವಾದ ಮೇಲೆ

ಮುಟ್ಟುಗೋಲಿನ ಆದೇಶದ ವಿರುದ್ಧ 495ನೇ ಕಲಮಿನಡಿ ಮೇಲ್ಮನವಿ ಇದೆ. ದಂಡಾಧಿಕಾರಿಯ ಆದೇಶವಾದರೆ ಸೆಷನ್ಸ್ ನ್ಯಾಯಾಧೀಶರ ಮುಂದೆ ಹೋಗಬೇಕಾಗಿದ್ದು, ಅದಕ್ಕೆ ಕಾಲಮಿತಿ ಕಾಯ್ದೆಯಂತೆ 30 ದಿನಗಳ ಗಡುವಿದೆ. ದೃಢೀಕೃತ ಪ್ರತಿ ಪಡೆಯಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಕಳೆಯಲಾಗುತ್ತದೆ. ನೋಟಿಸ್ ಕೊಡದಿರುವುದು, ಉಲ್ಲಂಘನೆಗೆ ಆಧಾರ ದಾಖಲಿಸದಿರುವುದು, ಕೊಟ್ಟ ವಿವರಣೆಯನ್ನು ಚರ್ಚಿಸದೆಯೇ ತಳ್ಳಿರುವುದು ಮೇಲ್ಮನವಿಯ ಮುಖ್ಯ ನೆಲೆಗಳು. ಠೇವಣಿಯ ಮೊತ್ತ ಎರಡು ಮೂರು ಸಾವಿರವಷ್ಟೇ ಆಗಿದ್ದರೆ ಮೇಲ್ಮನವಿಯ ಖರ್ಚು ಅದನ್ನು ಮೀರುತ್ತದೆಯೇ ಎಂಬ ಲೆಕ್ಕ ಹಾಕುವುದು ತಪ್ಪಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಮೊದಲಾದವರು ಆದಾಯದ ಮಿತಿಯಿಲ್ಲದೆ, ಇತರರು ಆದಾಯ ಮಿತಿಗೆ ಒಳಪಟ್ಟು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರನ್ನು ಪಡೆಯಬಹುದಾದ್ದರಿಂದ ಈ ಲೆಕ್ಕ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅಥವಾ 15100 ಸಹಾಯವಾಣಿಯಲ್ಲಿ ವಿಚಾರಿಸಬಹುದು.

ಬರಲಾಗದ ದಿನಕ್ಕೆ ಮುಂಚಿತ ವ್ಯವಸ್ಥೆ

ಬರಲಾಗುವುದಿಲ್ಲವೆಂದು ಮೊದಲೇ ಗೊತ್ತಿದ್ದರೆ ವಕೀಲರ ಮೂಲಕ ಆ ದಿನದ ಹಾಜರಾತಿಗೆ ವಿನಾಯಿತಿ ಕೋರುವ ಅವಕಾಶ 355ನೇ ಕಲಮಿನಲ್ಲಿದೆ. ಹಳೆಯ ಸಂಹಿತೆಯಲ್ಲಿ ಇದು 317. ದೃಶ್ಯ ಮತ್ತು ಶ್ರವ್ಯ ವಿದ್ಯುನ್ಮಾನ ಮಾಧ್ಯಮದ ಮೂಲಕ ಹಾಜರಾಗುವುದೂ ಖುದ್ದು ಹಾಜರಾತಿಯೇ ಎಂದು ಹೊಸ ಸಂಹಿತೆ ಈ ಕಲಮಿಗೆ ವಿವರಣೆ ಸೇರಿಸಿರುವುದು ದೂರದೂರಿನಲ್ಲಿ, ಅಥವಾ ವಿದೇಶದಲ್ಲಿ ದುಡಿಯುವವರಿಗೆ ಹೊಸದಾಗಿ ಸಿಕ್ಕ ಅನುಕೂಲ. ವಕೀಲರಿಗೆ ಫೋನ್ ಮಾಡಿ ಹೇಳಿದ್ದೇನೆ ಎಂಬಷ್ಟರಿಂದ ವಿನಾಯಿತಿ ಸಿಕ್ಕಿದಂತಾಗದು. ಅರ್ಜಿ ಸಲ್ಲಿಕೆಯಾಗಿ ಅಂಗೀಕಾರವಾದುದು ಆದೇಶ ಹಾಳೆಯಲ್ಲಿ ಬಂದಿದೆಯೇ ಎಂದು ಅಂದು ಸಂಜೆಯೇ ಇ-ಕೋರ್ಟ್ಸ್‌ನಲ್ಲಿ ನೋಡಿಕೊಳ್ಳಬೇಕು. ಪ್ರತಿ ವಾಯಿದೆಗೂ ಬರುವುದು ಕಷ್ಟವಾದವರು, ಮೊದಲ ಸಮನ್ಸಿನ ಹಂತದಲ್ಲೇ 228ನೇ ಕಲಮಿನಡಿ ವಕೀಲರ ಮೂಲಕ ಹಾಜರಾಗಲು ಅನುಮತಿ ಕೇಳಬಹುದು. ಚೆಕ್ ಪ್ರಕರಣಗಳಲ್ಲಿ ಈ ದಾರಿಯನ್ನು ಇನ್ನೂ ಹೆಚ್ಚು ಬಳಸಿಕೊಳ್ಳಬಹುದಿತ್ತು.

ಉಳಿದ ಠೇವಣಿಯನ್ನು ಮರಳಿ ಪಡೆಯುವುದು

ಪ್ರಕರಣ ಖುಲಾಸೆಯಾಗಲಿ, ರಾಜಿಯಾಗಲಿ, ಶಿಕ್ಷೆಯಲ್ಲೇ ಮುಗಿಯಲಿ, ಮುಟ್ಟುಗೋಲಾಗದ ನಗದು ಭದ್ರತೆ ಆರೋಪಿಗೆ ಸೇರಿದ್ದೇ ಆಗಿದ್ದು, ದಂಡ ವಿಧಿಸಿದ ಪ್ರಕರಣಗಳಲ್ಲಿ ಅದನ್ನು ದಂಡಕ್ಕೆ ಹೊಂದಿಸಿಕೊಳ್ಳುವಂತೆ ಕೋರುವ ರೂಢಿಯೂ ಇದೆ. ಮರುಪಾವತಿ ತಾನಾಗಿ ಬರುವುದಿಲ್ಲ. ಮೂಲ ರಸೀದಿ, ತೀರ್ಪಿನ ಪ್ರತಿ, ಗುರುತಿನ ಚೀಟಿ ಮತ್ತು ಬ್ಯಾಂಕ್ ಪುಸ್ತಕದ ಮೊದಲ ಪುಟದೊಂದಿಗೆ ಅರ್ಜಿ ಹಾಕಬೇಕು. ಬಿಡುಗಡೆಯ ದಿನದ ಗಡಿಬಿಡಿಯಲ್ಲಿ ಅಣ್ಣನೋ ಮಾವನೋ ಹಣ ಕಟ್ಟಿದ್ದರೆ ರಸೀದಿ ಯಾರ ಹೆಸರಿನಲ್ಲಿದೆ ಎಂಬುದನ್ನು ಆಗಲೇ ನೋಡಿಕೊಳ್ಳದಿದ್ದರೆ ಈ ಹಂತದಲ್ಲಿ ತಕರಾರು ಏಳುತ್ತದೆ. ತೀರ್ಪಿನ ಮರುದಿನವೇ ಹಣ ಸಿಗುವ ನಿರೀಕ್ಷೆಯೂ ಸಲ್ಲದು, ಏಕೆಂದರೆ ಮೇಲ್ಮನವಿಯ ಅವಧಿ ಮುಗಿದ ಮೇಲೆ ಮರಳಿಸಬೇಕೆಂದು ಆದೇಶಗಳಲ್ಲಿ ಬರೆಯುವುದು ಸಾಮಾನ್ಯ, ಮತ್ತು ಮೇಲಿನ ನ್ಯಾಯಾಲಯ ಕರೆದಾಗ ಹಾಜರಾಗಲು 481ನೇ ಕಲಮಿನಡಿ ತೆಗೆದುಕೊಳ್ಳುವ ಮುಚ್ಚಳಿಕೆ ಆರು ತಿಂಗಳು ಜಾರಿಯಲ್ಲಿರುತ್ತದೆ. ಆ ಅವಧಿ ಕಳೆದ ಮೇಲೆ ಅರ್ಜಿಯನ್ನು ಮುಂದೂಡುವುದು ಒಳ್ಳೆಯದಲ್ಲ. ಬಹುಕಾಲ ಯಾರೂ ಕೇಳದೆ ಉಳಿದ ಠೇವಣಿಯನ್ನು ಸರ್ಕಾರದ ಲೆಕ್ಕಕ್ಕೆ ಜಮಾ ಮಾಡುವ ನಿಯಮವಿರುವುದರಿಂದ, ತಡವಾದಷ್ಟೂ ಅದನ್ನು ಖಜಾನೆಯಿಂದ ಹೊರತೆಗೆಸಲು ಹೆಚ್ಚಿನ ಪತ್ರವ್ಯವಹಾರ ಮಾಡಬೇಕಾಗುತ್ತದೆ.